ಸರ್ವೆ ನಂಬರು ಬಾಯಲ್ಲಿ, ಪ್ಯಾನ್ ನಂಬರು ಪರರ ಕೈಯಲ್ಲಿ



ನಿಮ್ಮ ಜಮೀನಿನ ಸರ್ವೆ ನಂಬರು ಯಾವುದೆಂದು ಯಾರಾದರೂ ಕೇಳಿದರೆ ನೀವು ಪಹಣಿ ಹುಡುಕುವುದಿಲ್ಲ. 45ರ 1 ನಮ್ಮದು, 45ರ 2 ದಾಯಾದಿಯದು ಎಂದು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲಿರಿ. ಹಿಸ್ಸಾ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಬದು ತಪ್ಪುತ್ತದೆ, ಬದು ತಪ್ಪಿದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ ಎಂಬುದು ನಿಮಗೆ ಅಜ್ಜನ ಕಾಲದಿಂದ ತಿಳಿದ ವಿಷಯ. ಪ್ರಮಾಣಿತ ಬೀಜದ ಚೀಲ ಕೊಳ್ಳುವಾಗ ನೀಲಿ ಚೀಟಿಯ ಮೇಲಿನ ಲಾಟ್ ನಂಬರನ್ನು ರಸೀದಿಯೊಡನೆ ತಾಳೆ ನೋಡುವುದನ್ನೂ ನೀವು ಕಲಿತಿದ್ದೀರಿ. ಹಸುವಿನ ಕಿವಿಯಲ್ಲಿರುವ ಹಳದಿ ಬಿಲ್ಲೆಯ 12 ಅಂಕಿಗಳನ್ನು ವಿಮೆಯ ಕಾಗದದಲ್ಲಿ ಸರಿಯಾಗಿ ಬರೆಸುತ್ತೀರಿ.

ಆದರೆ ಇದೇ ರೈತನನ್ನು "ನಿಮ್ಮ ಪ್ಯಾನ್ ನಂಬರು ಯಾವುದು?" ಎಂದು ಕೇಳಿ ನೋಡಿರಿ. "ಮಗನ ಮೊಬೈಲಿನಲ್ಲಿದೆ", "ಬ್ಯಾಂಕಿನವರಿಗೆ ಗೊತ್ತು", "ಕಂಪ್ಯೂಟರ್ ಅಂಗಡಿಯ ಹುಡುಗನ ಹತ್ತಿರ ಇದೆ" ಎಂಬ ಉತ್ತರ ಬರುತ್ತದೆ. ತನ್ನ ಹೊಲದ ಗುರುತು ತನ್ನ ಬಾಯಲ್ಲಿ, ತನ್ನ ಹಣದ ಗುರುತು ಮಾತ್ರ ಪರರ ಕೈಯಲ್ಲಿ! ಇದು ಸರಿಯಲ್ಲ ಎಂದು ಹೇಳುವುದಕ್ಕೇ ಈ ಲೇಖನ.

ನಾನು ತೆರಿಗೆ ಅಧಿಕಾರಿಯಲ್ಲ, ಕೃಷಿ ಅಧಿಕಾರಿ. ಬೆಳೆದ ಬೆಳೆ ಕಣದಿಂದ ಕಣಜಕ್ಕೆ ಹೋಗುವಾಗ ಸೋರದಂತೆ ನೋಡಿಕೊಳ್ಳಿರಿ ಎಂದು ಹೇಳುವುದು ನನ್ನ ಕೆಲಸ. ಈಗ ಹಣ ಬ್ಯಾಂಕಿನ ಖಾತೆಯಲ್ಲಿಯೂ ಸೋರುತ್ತಿದೆ. ಆದುದರಿಂದ ಇದನ್ನೂ ಹೇಳಬೇಕಾಗಿದೆ.

ಒಬ್ಬ ರೈತರಿಗೆ ಆದದ್ದು

2025ರ ಮುಂಗಾರಿನ ಹೊತ್ತಿಗೆ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಐವತ್ತು ದಾಟಿದ ರೈತರೊಬ್ಬರು ಬಂದರು. ಬಂದದ್ದು ಬಿತ್ತನೆ ಬೀಜಕ್ಕೆ. ಆದರೆ ಕೈಚೀಲದ ತುಂಬ ಬ್ಯಾಂಕಿನ ಕಾಗದಗಳು. ರಸ್ತೆಗೆ ಅವರ ಜಮೀನಿನ ಒಂದು ಭಾಗ ಹೋಗಿತ್ತು. ಬಂದ ಪರಿಹಾರದಲ್ಲಿ 12 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. ನೂರಕ್ಕೆ 7ರಂತೆ ವರ್ಷಕ್ಕೆ 84,000 ರೂಪಾಯಿ ಬಡ್ಡಿ. ಅದರಲ್ಲಿ 16,800 ರೂಪಾಯಿಯನ್ನು ಬ್ಯಾಂಕು ತೆರಿಗೆಯೆಂದು ಮುರಿದುಕೊಂಡಿತ್ತು.

"ಬೇಸಾಯಗಾರನಿಗೆ ತೆರಿಗೆ ಇಲ್ಲ ಅಂತಾರಲ್ಲ ಸ್ವಾಮಿ, ಇದೇನು?" ಎಂದು ಕೇಳಿದರು.

ಅವರ ಪ್ರಶ್ನೆ ಸಹಜವಾದದ್ದೇ. ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂಬುದು ನಿಜ. ಆದರೆ ಠೇವಣಿಯ ಬಡ್ಡಿ ಬೇಸಾಯದ ಆದಾಯವಲ್ಲ. ಅಸಲು ರಾಗಿಯಿಂದ ಬಂದಿರಲಿ, ಅಡಿಕೆಯಿಂದ ಬಂದಿರಲಿ, ಬಡ್ಡಿ ಬಡ್ಡಿಯೇ. ಅದು ಒಂದು ಮಿತಿಯನ್ನು ದಾಟಿದರೆ ಬ್ಯಾಂಕು ಮೂಲದಲ್ಲಿಯೇ ತೆರಿಗೆ ಕಡಿತ ಮಾಡುತ್ತದೆ. ಆ ಮಿತಿ 2025ರ ಏಪ್ರಿಲ್ 1ರಿಂದ ವರ್ಷಕ್ಕೆ 50,000 ರೂಪಾಯಿ, ಹಿರಿಯ ನಾಗರಿಕರಿಗೆ 1 ಲಕ್ಷ ರೂಪಾಯಿ ಆಯಿತು. ಅದಕ್ಕೆ ಮೊದಲು ಇವು 40,000 ಮತ್ತು 50,000 ಆಗಿದ್ದವು.

ಕಡಿತ ನೂರಕ್ಕೆ 10ರಂತೆ ಆಗಬೇಕು. ಇವರಿಗೆ ನೂರಕ್ಕೆ 20 ಆಗಿತ್ತು. ಸರಿಯಾದ ಪ್ಯಾನ್ ಇಲ್ಲದವರಿಗೆ ಮಾತ್ರ ಹೀಗಾಗುತ್ತದೆ. "ನನ್ನ ಹತ್ತಿರ ಪ್ಯಾನ್ ಕಾರ್ಡು ಇದೆ" ಎಂದು ಅವರು ತೆಗೆದು ತೋರಿಸಿದರು. ಕಾರ್ಡು ಸರಿಯಾಗಿಯೇ ಇತ್ತು, ಆಧಾರ್‌ಗೆ ಜೋಡಣೆಯೂ ಆಗಿತ್ತು. ಹಾಗಾದರೆ ತಪ್ಪು ಎಲ್ಲಿ?

ಬ್ಯಾಂಕು ಕೊಟ್ಟ ಕಡಿತದ ಪ್ರಮಾಣಪತ್ರವನ್ನೂ ಕಾರ್ಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಓದಿದೆವು. ಐದನೆಯ ಅಕ್ಷರದಲ್ಲಿ ಕಣ್ಣು ನಿಂತಿತು. ಕಾರ್ಡಿನಲ್ಲಿ ಇಂಗ್ಲಿಷಿನ ಬಿ, ಪ್ರಮಾಣಪತ್ರದಲ್ಲಿ ಕೆ. ಮುಂದಿನ ಅಂಕಿಗಳೂ ಬೇರೆ. ಅಂದರೆ ಇವರಿಗೆ ಎರಡು ಪ್ಯಾನ್ ಇದ್ದವು!

ವಿಚಾರಿಸಿದಾಗ ಕಥೆ ಹೊರಬಂತು. ಬಹಳ ವರ್ಷಗಳ ಹಿಂದೆ ಟ್ರಾಕ್ಟರ್ ಸಾಲಕ್ಕೆಂದು ಮಧ್ಯವರ್ತಿಯೊಬ್ಬ ಒಂದು ಪ್ಯಾನ್ ಮಾಡಿಸಿದ್ದ. ಅರ್ಜಿಯಲ್ಲಿ ಅಡ್ಡಹೆಸರಿನ ಜಾಗಕ್ಕೆ ತಂದೆಯ ಹೆಸರು ಹಾಕಿದ್ದ. ಆ ಕಾರ್ಡು ಕಳೆದುಹೋಯಿತು. ನಕಲು ಕೇಳುವ ಬದಲು ಮತ್ತೊಬ್ಬನು ಹೊಸ ಅರ್ಜಿಯನ್ನೇ ಹಾಕಿ, ಈ ಸಲ ಅಡ್ಡಹೆಸರಿನ ಜಾಗಕ್ಕೆ ಇವರ ಸ್ವಂತ ಹೆಸರನ್ನೇ ಬರೆದ. ಹೊಸ ನಂಬರು ಬಂತು. ಬ್ಯಾಂಕಿನಲ್ಲಿ ಹಳೆಯದೇ ಉಳಿಯಿತು. ಆಧಾರ್ ಜೋಡಣೆಯಾದದ್ದು ಹೊಸದಕ್ಕೆ. 2023ರ ಜುಲೈ 1ರಿಂದ ಜೋಡಣೆಯಾಗದ ಪ್ಯಾನ್‌ಗಳು ನಿಷ್ಕ್ರಿಯವಾದಾಗ ಹಳೆಯದು ಸತ್ತುಹೋಯಿತು. ಬ್ಯಾಂಕು ಸತ್ತ ನಂಬರಿನ ಮೇಲೆ ಇಮ್ಮಡಿ ತೆರಿಗೆ ಮುರಿಯುತ್ತಿತ್ತು. ಇವರು ಜೀವಂತ ನಂಬರಿನ ಲೆಕ್ಕ ತೆಗೆಸಿ ನೋಡಿದರೆ ಅಲ್ಲಿ ಸೊನ್ನೆ ಕಾಣುತ್ತಿತ್ತು.

ಅವರಿಗೆ ಆ ವರ್ಷ ಬಡ್ಡಿಯನ್ನು ಬಿಟ್ಟರೆ ಬೇಸಾಯವಲ್ಲದ ಬೇರೆ ಆದಾಯವೇ ಇರಲಿಲ್ಲ. ಸರಿಯಾದ ಪ್ಯಾನ್ ಕೊಟ್ಟು, ತೆರಿಗೆ ಬಾಕಿ ಬರುವುದಿಲ್ಲವೆಂಬ ಘೋಷಣೆಯನ್ನು ಏಪ್ರಿಲಿನಲ್ಲಿಯೇ ಬ್ಯಾಂಕಿಗೆ ಕೊಟ್ಟಿದ್ದರೆ ಒಂದು ರೂಪಾಯಿಯನ್ನೂ ಮುರಿಯುವ ಪ್ರಸಂಗ ಬರುತ್ತಿರಲಿಲ್ಲ. ಕೊನೆಗೆ ಹೆಚ್ಚುವರಿ ಪ್ಯಾನನ್ನು ಆದಾಯ ತೆರಿಗೆ ಕಚೇರಿಗೆ ಒಪ್ಪಿಸಲು ಅರ್ಜಿ ಕೊಟ್ಟರು. ಬ್ಯಾಂಕು ತಿದ್ದುಪಡಿ ಲೆಕ್ಕ ಸಲ್ಲಿಸಿತು. ಹಣ ಕೈಗೆ ಬರುವಷ್ಟರಲ್ಲಿ ಮುಂಗಾರು ಮುಗಿದು ಹಿಂಗಾರು ಬಂದಿತ್ತು. ನಡುವೆ ಗೊಬ್ಬರಕ್ಕೆಂದು ತಿಂಗಳಿಗೆ ನೂರಕ್ಕೆ 3ರ ಬಡ್ಡಿಯಂತೆ ಕೈಸಾಲ ಮಾಡಿದ್ದರು. ತಮ್ಮ ಹಣ ಸರ್ಕಾರದಲ್ಲಿ ಮಲಗಿತ್ತು, ಇವರು ಅಂಗಡಿಯವನಿಗೆ ಬಡ್ಡಿ ಕಟ್ಟುತ್ತಿದ್ದರು.

ಹತ್ತು ಸ್ಥಾನಗಳ ಅರ್ಥ

ಪ್ಯಾನ್ ಎಂದರೆ ಶಾಶ್ವತ ಖಾತೆ ಸಂಖ್ಯೆ. ಅದರಲ್ಲಿ ಹತ್ತು ಸ್ಥಾನಗಳಿವೆ: ಮೊದಲು ಐದು ಇಂಗ್ಲಿಷ್ ಅಕ್ಷರ, ಅನಂತರ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಇದು ಯಾರೋ ಮನಸ್ಸಿಗೆ ಬಂದಂತೆ ಬರೆದದ್ದಲ್ಲ. ಪಹಣಿಯ ಕಲಮುಗಳಂತೆ ಪ್ರತಿ ಸ್ಥಾನಕ್ಕೂ ಅರ್ಥವಿದೆ.

ಮೊದಲ ಮೂರು ಅಕ್ಷರಗಳು ಸರಣಿಯನ್ನು ತೋರಿಸುತ್ತವೆ. ಅವುಗಳಲ್ಲಿ ನಿಮಗೆ ತಿಳಿಯಬೇಕಾದದ್ದು ಏನೂ ಇಲ್ಲ.

ನಾಲ್ಕನೆಯ ಅಕ್ಷರ ಮುಖ್ಯ. ಖಾತೆ ಯಾರದು ಎಂದು ಅದು ಹೇಳುತ್ತದೆ. ಪಿ ಎಂದಿದ್ದರೆ ಒಬ್ಬ ವ್ಯಕ್ತಿ. ಎಚ್ ಎಂದಿದ್ದರೆ ಅವಿಭಕ್ತ ಹಿಂದೂ ಕುಟುಂಬ. ಎಫ್ ಪಾಲುದಾರಿಕೆ ಸಂಸ್ಥೆ, ಸಿ ಕಂಪನಿ, ಟಿ ಟ್ರಸ್ಟು, ಎಲ್ ಸ್ಥಳೀಯ ಸಂಸ್ಥೆ, ಜಿ ಸರ್ಕಾರ. ನಿಮ್ಮ ಕಾರ್ಡಿನಲ್ಲಿ ನಾಲ್ಕನೆಯದು ಪಿ ಇರಲೇಬೇಕು. ನಿಮ್ಮ ಊರಿನ ರೈತ ಉತ್ಪಾದಕ ಕಂಪನಿಯ ಪ್ಯಾನ್‌ನಲ್ಲಿ ಅದೇ ಸ್ಥಾನದಲ್ಲಿ ಸಿ ಇರುತ್ತದೆ. ಒಟ್ಟು ಕುಟುಂಬದ ಹೆಸರಿನಲ್ಲಿ ಎಚ್ ಪ್ಯಾನ್ ಮಾಡಿಸಿದ್ದರೆ ಅದು ಯಜಮಾನನ ಸ್ವಂತ ಪ್ಯಾನ್ ಅಲ್ಲ. ಎರಡನ್ನೂ ಬೆರೆಸಿದರೆ ಅಣ್ಣತಮ್ಮಂದಿರ ಪಾಲಿನ ಲೆಕ್ಕವೇ ಕಲಸಿಹೋಗುತ್ತದೆ.

ಐದನೆಯ ಅಕ್ಷರ ಅಡ್ಡಹೆಸರಿನ ಮೊದಲಕ್ಷರ. ಬೆಳಗಾವಿ, ಧಾರವಾಡದ ಕಡೆ ಪಾಟೀಲ ಎಂದರೆ ಪಿ, ಹಿರೇಮಠ ಎಂದರೆ ಎಚ್ ಎಂದು ಸುಲಭವಾಗಿ ಗೊತ್ತಾಗುತ್ತದೆ. ಆದರೆ ಹಾಸನ, ಮಂಡ್ಯ, ತುಮಕೂರಿನ ಕಡೆ ಬಹಳ ಜನರಿಗೆ ಅಡ್ಡಹೆಸರೇ ಇಲ್ಲ. ಊರಿನದೊಂದು, ತಂದೆಯದೊಂದು ಇನಿಷಿಯಲ್ ಅಷ್ಟೇ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿ ಬರೆಯುವವನು ಯಾವುದನ್ನು ಕೊನೆಯ ಹೆಸರೆಂದು ಹಾಕುತ್ತಾನೋ ಅದರ ಮೊದಲಕ್ಷರ ಐದನೆಯ ಸ್ಥಾನಕ್ಕೆ ಬರುತ್ತದೆ. ಮೇಲೆ ಹೇಳಿದ ರೈತರ ಗೊಂದಲ ಹುಟ್ಟಿದ್ದು ಇಲ್ಲಿಯೇ. ಆಧಾರ್‌ನಲ್ಲಿ ಇನಿಷಿಯಲ್ ಇದ್ದು ಪ್ಯಾನ್‌ನಲ್ಲಿ ಪೂರ್ತಿ ಹೆಸರಿದ್ದರೆ ಜೋಡಣೆಯೂ ತಡೆಯಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಮದುವೆಯಾಗಿ ಅಡ್ಡಹೆಸರು ಬದಲಾದರೆ ಕಾರ್ಡಿನಲ್ಲಿ ಹೆಸರು ತಿದ್ದಿಸಬಹುದು, ಆದರೆ ನಂಬರು ಬದಲಾಗುವುದಿಲ್ಲ. ಐದನೆಯ ಅಕ್ಷರ ತವರಿನ ಹೆಸರಿನದಾಗಿಯೇ ಉಳಿಯುತ್ತದೆ. ಅದು ತಪ್ಪಲ್ಲ. "ಅಕ್ಷರ ಹೊಂದುತ್ತಿಲ್ಲ, ಹೊಸ ಪ್ಯಾನ್ ಮಾಡಿಸೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ.

ಆರರಿಂದ ಒಂಬತ್ತನೆಯ ಸ್ಥಾನದವರೆಗೆ 0001ರಿಂದ 9999ರವರೆಗಿನ ಕ್ರಮಸಂಖ್ಯೆ. ಹತ್ತನೆಯದು ತಾಳೆ ಅಕ್ಷರ. ಮೊದಲ ಒಂಬತ್ತರಿಂದ ಲೆಕ್ಕ ಹಾಕಿ ಇದನ್ನು ಕೊಟ್ಟಿರುತ್ತಾರೆ.

ಈ ರಚನೆ ತಿಳಿದಿದ್ದರೆ ಒಂದು ದೊಡ್ಡ ಉಪಯೋಗವಿದೆ. ಕೈಬರಹದಲ್ಲಿ ಇಂಗ್ಲಿಷ್ ಓ ಅಕ್ಷರವೂ ಸೊನ್ನೆಯೂ ಒಂದೇ ತರಹ ಕಾಣುತ್ತವೆ. ಹಾಗೆಯೇ ಐ ಮತ್ತು 1, ಎಸ್ ಮತ್ತು 5, ಬಿ ಮತ್ತು 8. ಮೊದಲ ಐದು ಮನೆಗಳಲ್ಲಿದ್ದರೆ ಅದು ಅಕ್ಷರವೇ ಹೊರತು ಅಂಕಿಯಲ್ಲ. ಮುಂದಿನ ನಾಲ್ಕರಲ್ಲಿದ್ದರೆ ಅಂಕಿಯೇ ಹೊರತು ಅಕ್ಷರವಲ್ಲ. ಇಷ್ಟು ತಿಳಿದವರಿಗೆ ಬರೆದುಕೊಳ್ಳುವವನ ತಪ್ಪು ತಟ್ಟನೆ ಕಾಣುತ್ತದೆ.

ಹೋಲುವ ನಂಬರುಗಳು

ತೆರಿಗೆಯ ಕಾಗದದಲ್ಲಿ ಪ್ಯಾನ್ ಒಂದೇ ಇರುವುದಿಲ್ಲ. ಕಡಿತದ ಪ್ರಮಾಣಪತ್ರದಲ್ಲಿ ಟ್ಯಾನ್ ಎಂಬ ಇನ್ನೊಂದು ನಂಬರಿರುತ್ತದೆ. ಅದೂ ಹತ್ತು ಸ್ಥಾನದ್ದೇ. ಆದರೆ ಅದರಲ್ಲಿ ಮೊದಲು ನಾಲ್ಕು ಅಕ್ಷರ, ಆಮೇಲೆ ಐದು ಅಂಕಿ, ಕೊನೆಗೆ ಒಂದು ಅಕ್ಷರ. ಅದು ನಿಮ್ಮದಲ್ಲ, ತೆರಿಗೆ ಮುರಿದುಕೊಂಡವರದು. ಬೆಂಗಳೂರಿನದಾದರೆ ಬಿಎಲ್‌ಆರ್ ಎಂದು ಆರಂಭವಾಗುತ್ತದೆ. ಮುರಿದ ಹಣವನ್ನು ವಾಪಸು ಕೇಳುವಾಗ ಯಾರು ಮುರಿದರು ಎಂಬುದಕ್ಕೆ ಅದೇ ಗುರುತು. ಅಕ್ಷರ ಐದಿದ್ದರೆ ಪ್ಯಾನ್, ನಾಲ್ಕಿದ್ದರೆ ಟ್ಯಾನ್ ಎಂದು ನೆನಪಿಡಿರಿ.

ಆಧಾರ್ 12 ಅಂಕಿಗಳದು. ಸೊನ್ನೆ ಅಥವಾ 1ರಿಂದ ಅದು ಆರಂಭವಾಗುವುದಿಲ್ಲ. ನೋಂದಣಿ ಚೀಟಿಯಲ್ಲಿರುವ 28 ಅಂಕಿಗಳ ಸಂಖ್ಯೆ ಆಧಾರ್ ಅಲ್ಲ. ಅದನ್ನು ತೆರಿಗೆ ವಿವರಪಟ್ಟಿಯಲ್ಲಿ ಆಧಾರ್‌ಗೆ ಬದಲಾಗಿ ಬರೆಯುವುದು 2024ರ ಅಕ್ಟೋಬರ್ 1ರಿಂದ ನಿಂತುಹೋಗಿದೆ.

ವಾಪಸು ಬರುವ ಹಣಕ್ಕೆ ಖಾತೆ ಸಂಖ್ಯೆಯೊಡನೆ ಬ್ಯಾಂಕಿನ ಐಎಫ್‌ಎಸ್‌ಸಿ ಬೇಕು. ಅದರಲ್ಲಿ 11 ಸ್ಥಾನಗಳು, ಐದನೆಯದು ಯಾವಾಗಲೂ ಸೊನ್ನೆ. ಬ್ಯಾಂಕು ವಿಲೀನವಾದರೆ ಇದು ಬದಲಾಗುತ್ತದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು, ಅದರ ಹಳೆಯ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಡೆಯದಾಯಿತು. 2025ರ ಮೇ 1ರಂದು ನಮ್ಮ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾದವು. ನಿಮ್ಮ ಹಳೆಯ ಪಾಸ್‌ಪುಸ್ತಕವನ್ನೇ ನಂಬಿ ಬರೆಯಬೇಡಿರಿ, ಶಾಖೆಯಲ್ಲಿ ಕೇಳಿ ಬರೆಯಿರಿ.

ನಮ್ಮ ಕೇಂದ್ರದಲ್ಲಿ ಬೀಜ, ಸಹಾಯಧನಕ್ಕೆ ಕೇಳುವ ರೈತ ನೋಂದಣಿಯ ಎಫ್‌ಐಡಿ ಬೇರೆಯೇ. ತೆರಿಗೆಯ ನಮೂನೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಎಲ್ಲರಿಗೂ ಪ್ಯಾನ್ ಬೇಕೇ?

ಬೇಕಿಲ್ಲ. ಬೇಸಾಯವೊಂದೇ ಆದಾಯ, ದೊಡ್ಡ ವ್ಯವಹಾರವಿಲ್ಲ ಎನ್ನುವವರು ಯಾರೋ ಹೇಳಿದರೆಂದು ಪ್ಯಾನ್ ಮಾಡಿಸಬೇಕಾಗಿಲ್ಲ. ಪ್ಯಾನ್ ಕೇಳುವ ಎಷ್ಟೋ ಕಡೆ, ಇಲ್ಲದವರು ಕೊಡಬಹುದಾದ ಘೋಷಣೆಯೊಂದಿದೆ. ಜನ ಅದನ್ನು ಬಹುಕಾಲದಿಂದ ನಮೂನೆ 60 ಎಂದು ಕರೆಯುತ್ತಾರೆ. ಆದರೆ ದೊಡ್ಡ ಠೇವಣಿ ಇಡುವವರಿಗೆ, ದೊಡ್ಡ ಬೆಲೆಯ ಆಸ್ತಿ ಕೊಳ್ಳುವವರಿಗೆ, ಮಾರುವವರಿಗೆ ಪ್ಯಾನ್ ಬೇಕೇ ಬೇಕು. ಎಷ್ಟು ಮೊತ್ತಕ್ಕೆ ಎಂಬ ಮಿತಿ ಆಗಾಗ ಬದಲಾಗುತ್ತದೆ. ವ್ಯವಹಾರದ ದಿನವೇ ಕೇಳಿ ತಿಳಿದುಕೊಳ್ಳಿರಿ. ತೆರಿಗೆ ಮುರಿಯಬೇಡಿ ಎಂದು ಬ್ಯಾಂಕಿಗೆ ಕೊಡುವ ಘೋಷಣೆ, ಅಂದರೆ 15ಜಿ ಮತ್ತು 15ಎಚ್ ಎಂದು ರೂಢಿಯಲ್ಲಿರುವ ಕಾಗದ, ಸರಿಯಾದ ಪ್ಯಾನ್ ಇಲ್ಲದಿದ್ದರೆ ಊರ್ಜಿತವಾಗುವುದಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ಬದಲಿಗೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿದೆ. ಅದು ಜಾರಿಗೆ ಬರುವ ದಿನಾಂಕ 2026ರ ಏಪ್ರಿಲ್ 1. ಕಾಯ್ದೆ ಬದಲಾದಾಗ ನಮೂನೆಗಳ ಹೆಸರು, ಸಂಖ್ಯೆ ಬದಲಾಗುವುದು ಸಹಜ. ನಿಮ್ಮ ಪ್ಯಾನ್ ಮಾತ್ರ ಅದೇ. "ಹೊಸ ಕಾಯ್ದೆ ಬಂದಿದೆ, ಹೊಸ ಪ್ಯಾನ್ ಬೇಕು" ಎಂದು ಹಣ ಕೇಳುವವರನ್ನು ಅಂಗಳದಿಂದಲೇ ಕಳುಹಿಸಿಬಿಡಿರಿ.

ಇನ್ನೊಂದು ಎಚ್ಚರಿಕೆ. ಸಾಲ ಸುಲಭವಾಗಿ ಸಿಗಲೆಂದು ಇಲ್ಲದ ವ್ಯಾಪಾರದ ಆದಾಯ ತೋರಿಸಿ ವಿವರಪಟ್ಟಿ ಹಾಕಿಸಿಕೊಡುವವರು ಪೇಟೆಯಲ್ಲಿದ್ದಾರೆ. ನಿಮ್ಮ ಪ್ಯಾನ್ ಕೆಳಗೆ ಬರೆದದ್ದೆಲ್ಲ ನೀವು ಹೇಳಿದ ಮಾತೇ ಆಗುತ್ತದೆ. ಹಿಂದಿನ ನಿರ್ಧರಣಾ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರಿಗೆ ಪಿಎಂ ಕಿಸಾನ್ ಯೋಜನೆಯ ಹಣ ಇಲ್ಲ ಎಂಬ ನಿಯಮವಿದೆ. ಸುಳ್ಳು ಆದಾಯಕ್ಕೆ ತೆರಿಗೆ ಕಟ್ಟಿ, ನಿಜವಾದ 6,000 ರೂಪಾಯಿ ಕಳೆದುಕೊಳ್ಳುವುದು ಜಾಣತನವಲ್ಲ.

ತಪ್ಪು ರೈತನದೊಂದೇ ಅಲ್ಲ

ಇಷ್ಟೆಲ್ಲ ಹೇಳಿ ಹೊಣೆಯನ್ನು ರೈತನ ತಲೆಯ ಮೇಲೆಯೇ ಹಾಕಿದರೆ ಅನ್ಯಾಯವಾದೀತು. ಠೇವಣಿ ಇಡುವ ರೈತನ ಕೈಗೆ ಇಂಗ್ಲಿಷ್ ನಮೂನೆ ಕೊಟ್ಟು "ಇಲ್ಲಿ ಸಹಿ ಹಾಕಿ" ಎನ್ನುವ ಪದ್ಧತಿ ಹೋಗಬೇಕು. ಬರೆದುಕೊಂಡ ಪ್ಯಾನನ್ನು ಗುಮಾಸ್ತರು ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ, ಅದಕ್ಕೆ ಅರ್ಧ ನಿಮಿಷ ಸಾಕು. ಪ್ಯಾನ್ ನಿಷ್ಕ್ರಿಯವಾಗಿದ್ದರೆ ತೆರಿಗೆ ಮುರಿಯುವ ಮೊದಲೇ ಕನ್ನಡದಲ್ಲಿ ಒಂದು ಚೀಟಿ ಕಳುಹಿಸಲಿ. ಹಳ್ಳಿಯ ರೈತನಿಗೆ ವರ್ಷದ ಕೊನೆಯಲ್ಲಿ ಕಡಿತ ಕಂಡರೆ ಏನು ಪ್ರಯೋಜನ? ರೋಗ ಹೂವಿನಲ್ಲಿ ಕಂಡಾಗ ಔಷಧಿ ಹೇಳಬೇಕು, ಕಾಯಿ ಉದುರಿದ ಮೇಲಲ್ಲ.

ನಮ್ಮ ಇಲಾಖೆಯವರೂ ಸ್ವಲ್ಪ ಕಲಿಯಬೇಕು. ಮಣ್ಣು ಪರೀಕ್ಷೆಯ ಚೀಟಿ ಓದುವುದನ್ನು ಹೇಳಿಕೊಡುವ ನಾವು ಕಡಿತದ ಪ್ರಮಾಣಪತ್ರ ಓದುವುದನ್ನು ಹೇಳಿಕೊಟ್ಟರೆ ನಮ್ಮ ಗೌರವವೇನೂ ಕಡಿಮೆಯಾಗದು. ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಹತ್ತು ಮನೆಗಳ ಒಂದು ಪಟ ಬರೆದು ತೂಗುಹಾಕಿದರೂ ಸಾಕು, ಓದಿದ ಹುಡುಗರು ಓದದವರಿಗೆ ತೋರಿಸುತ್ತಾರೆ.

ಈ ವಾರವೇ ಮಾಡಬೇಕಾದದ್ದು

1. ಮನೆಯಲ್ಲಿರುವ ಪ್ರತಿಯೊಬ್ಬರ ಪ್ಯಾನ್, ಆಧಾರ್, ಪಾಸ್‌ಪುಸ್ತಕ ಮೂರನ್ನೂ ಒಟ್ಟಿಗೆ ಇಟ್ಟು ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಿರಿ.

2. ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿಯೇ ನೋಡಿಸಿರಿ.

3. ಠೇವಣಿ ಇರುವ ಪ್ರತಿ ಬ್ಯಾಂಕು, ಸೊಸೈಟಿಯಲ್ಲಿ ಯಾವ ಪ್ಯಾನ್ ದಾಖಲಾಗಿದೆ ಎಂದು ಕೇಳಿ, ಕಾರ್ಡಿನೊಡನೆ ಅಕ್ಷರ ಅಕ್ಷರ ಓದಿ ನೋಡಿರಿ.

4. ಕಾರ್ಡು ಕಳೆದರೆ ಅದೇ ನಂಬರಿನ ಮರುಮುದ್ರಣ ಕೇಳಿರಿ. ಹೊಸ ಅರ್ಜಿ ಬೇಡ. ಎರಡು ಪ್ಯಾನ್ ಇಟ್ಟುಕೊಂಡವರಿಗೆ 10,000 ರೂಪಾಯಿ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಈಗಾಗಲೇ ಎರಡಿದ್ದರೆ ನೀವಾಗಿಯೇ ಒಂದನ್ನು ಒಪ್ಪಿಸಿರಿ.

5. ತೆರಿಗೆ ಮುರಿದಿದ್ದರೆ ಪ್ರಮಾಣಪತ್ರ ಪಡೆದುಕೊಂಡು ಅದರಲ್ಲಿ ನಿಮ್ಮ ಪ್ಯಾನ್ ಸರಿಯಿದೆಯೇ ನೋಡಿರಿ. ತಪ್ಪಿದ್ದರೆ ಬರವಣಿಗೆಯಲ್ಲಿ ತಿದ್ದುಪಡಿ ಕೇಳಿರಿ. ತಿದ್ದುವುದಕ್ಕೂ ಕಾಲಮಿತಿ ಇದೆ.

6. ಪ್ಯಾನ್, ಆಧಾರ್ ನಕಲು ಕೊಡುವಾಗ ಯಾವ ಕೆಲಸಕ್ಕೆಂದು, ಯಾವ ದಿನವೆಂದು ಅದರ ಮೇಲೆಯೇ ಬರೆಯಿರಿ. ಮೊಬೈಲಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬೇಡಿರಿ.

ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ನಮ್ಮ ಹಿರಿಯರು ಬೇಸಾಯಕ್ಕೆ ಹೇಳಿದರು. ಬೇಸಾಯದ ಹಣಕ್ಕೂ ಈ ಮಾತು ಸಲ್ಲುತ್ತದೆ. ನಮೂನೆಯನ್ನು ಮಗ ತುಂಬಲಿ, ಅಂಗಡಿಯ ಹುಡುಗ ತುಂಬಲಿ, ಅಡ್ಡಿಯಿಲ್ಲ. ಆದರೆ ಸಹಿ ಹಾಕುವ ಮೊದಲು ಆ ಹತ್ತು ಮನೆಗಳನ್ನು ನೀವೇ ಬೆರಳಿಟ್ಟು ಓದಿರಿ. ಬದುವಿನ ಕಲ್ಲು ಸರಿದಿದೆಯೇ ಎಂದು ನೋಡಲು ಹೊಲದೊಡೆಯನೇ ಹೋಗಬೇಕಲ್ಲವೇ?